ಒಂಟಿ ಕಾಲಿನ ಗಳಿಗೆ

ಮಾರ್ಚ್ 3, ಸೋಮವಾರ

ವೈದ್ಯರು ಬರೆಯಲು ಹೇಳಿದ್ದಾರೆ. ದಿನಕ್ಕೆ ನಾಲ್ಕು ಸಾಲು ಸಾಕಂತೆ. ಏನು ಮಾಡಿದೆ, ಏನು ತಿಂದೆ, ತಲೆ ನೋಯಿತೇ, ಇಷ್ಟೇ. ತಲೆಗೆ ಪೆಟ್ಟಾದವರ ನೆನಪು ಸರಿಯಿದೆಯೇ ಎಂದು ಇದರಿಂದ ತಿಳಿಯುತ್ತದಂತೆ. ಅವರ ಶೂ ಕಂದು ಬಣ್ಣದ್ದು, ಲೇಸ್ ಇಲ್ಲದ್ದು, ಬಲಗಾಲಿನ ಹಿಮ್ಮಡಿ ಒಳಬದಿಗೆ ಸವೆದಿದೆ. ಇಷ್ಟು ನೆನಪಿದೆ ಎಂದ ಮೇಲೆ ತಲೆ ಸರಿಯಾಗಿಯೇ ಇರಬೇಕು.

ಶನಿವಾರ ನಮ್ಮ ಟೇಕ್ವಾಂಡೋ ಕ್ಲಬ್ಬಿನೊಳಗಿನ ಪಂದ್ಯ ಇತ್ತು. ನನಗೆ ಎದುರಾಗಿ ಉದ್ದಕಾಲಿ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎಲ್ಲರೂ ಅವಳನ್ನು ಉದ್ದಕಾಲಿ ಎಂದೇ ಕರೆಯುತ್ತಾರೆ, ಅವಳೂ ಓ ಎನ್ನುತ್ತಾಳೆ. ಅವಳ ಮುಂದಿನ ಪಾದ ಮ್ಯಾಟಿನ ಮೇಲೆ ಸರ್ರೆಂದು ಜಾರಿತು. ಒದೆ ಕೆಳಗೆ ಬರುತ್ತದೆ ಎಂದುಕೊಂಡೆ. ಆಮೇಲೆ ನೆನಪಿರುವುದು ಚಾವಣಿಯ ಟ್ಯೂಬ್‌ಲೈಟು, ಮತ್ತೆ ಯಾರೋ "ಬೆರಳೆಷ್ಟು, ಬೆರಳೆಷ್ಟು?" ಎಂದು ಕೇಳುತ್ತಿದ್ದದ್ದು.

ಊಟ ಸೇರಿತು. ತಲೆ ಸ್ವಲ್ಪ ನೋಯಿತು.

ಮಾರ್ಚ್ 6, ಗುರುವಾರ

ಮಾವನ ಅಂಗಡಿಗೆ ಹೋದೆ. ನಮ್ಮದು ಶೂ ರಿಪೇರಿ ಅಂಗಡಿ, ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ. ಗಿರಾಕಿಗಳು ನಿಂತಿರುತ್ತಾರೆ, ನಾವು ಕುಳಿತಿರುತ್ತೇವೆ. ನನ್ನ ಕಣ್ಣಿನ ಮಟ್ಟಕ್ಕೆ ಅವರ ಮೊಣಕಾಲು ಬರುತ್ತದೆ.

ಕಪ್ಪು ಬೂಟಿನವನೊಬ್ಬ ಬಂದು ಕೂಗಾಡಿದ. ಅಟ್ಟೆ ಬಿಟ್ಟುಕೊಂಡಿದೆ, ನಿಮ್ಮ ಹೊಲಿಗೆಗೆ ಬೆಂಕಿ ಹಾಕ, ಎಂದ. ಆ ಅಟ್ಟೆಗೆ ಅವನೇ ಮನೆಯಲ್ಲಿ ಅಂಟು ಬಳಿದಿದ್ದಾನೆ. ಅಂಟಿನ ಅಂಚು ನನಗೆ ಕಾಣುತ್ತಿತ್ತು. ಸುಮ್ಮನೆ ತೆಗೆದುಕೊಂಡು ಹೊಲಿದುಕೊಟ್ಟೆ. ಅವನು ಹೋದ ಮೇಲೆ ಮಾವ, "ಹೊಲಿಯೋ ಭರದಲ್ಲಿ ಬಾಯಿಗೂ ಒಂದು ಹೊಲಿಗೆ ಹಾಕ್ಕೊಂಡ್ಯಾ?" ಎಂದ.

ಐದನೇ ಕ್ಲಾಸಿನ ನಂತರ ಒಂದೇ ಸಲಕ್ಕೆ ಇಷ್ಟು ಬರೆದಿರಲಿಲ್ಲ. ಕೈ ನೋಯುತ್ತಿದೆ. ತಲೆ ನೋಯಲಿಲ್ಲ.

ಮಾರ್ಚ್ 19, ಬುಧವಾರ

ವೈದ್ಯರು ಸರಿ ಎಂದರು. ಸಂಜೆ ಹಾಲ್‌ಗೆ ಹೋದೆ. ಹಾಲ್ ಇರುವುದು ಟೈರ್ ಗೋದಾಮಿನ ಮೇಲೆ. ಮೆಟ್ಟಿಲು ಹತ್ತುವಾಗಲೇ ರಬ್ಬರ್ ವಾಸನೆ ಬರುತ್ತದೆ. ಇಷ್ಟು ದಿನ ಆ ವಾಸನೆ ಇಲ್ಲದೆ ಬೇಜಾರಾಗಿತ್ತು.

ಕೋಚ್ ನನ್ನನ್ನು ಉದ್ದಕಾಲಿಯ ಎದುರೇ ನಿಲ್ಲಿಸಿದರು. ಮೆಲ್ಲಗೆ, ತಾಗಿಸದೆ, ಮುಖದಿಂದ ಒಂದು ಗೇಣು ದೂರಕ್ಕೆ ಒದೆ ಎಂದು ಅವಳಿಗೆ ಹೇಳಿದರು. ಅವಳು ಒದ್ದಳು.

"ಯಾವ ಕಾಲು ಬಂತು?" ಕೋಚ್ ನನ್ನನ್ನು ಕೇಳಿದರು.

ಗೊತ್ತಾಗಲಿಲ್ಲ.

"ಮತ್ತೆ. ಈಗ ಯಾವ ಕಾಲು?"

"ಬಲ."

"ಎಡ ಕಣಮ್ಮಾ. ಕಣ್ಣು ಮುಚ್ಕೊಂಡು ಲಾಟರಿ ಎತ್ತಿದ ಹಾಗೆ ಹೇಳ್ಬೇಡ."

ಕಣ್ಣು ಮುಚ್ಚಿದ್ದು ನನಗೇ ಗೊತ್ತಾಗಿರಲಿಲ್ಲ. ಹಿಂದೆ ಹಿಂದೆ ಸರಿದು ಮ್ಯಾಟಿನ ಗೆರೆಯ ಹೊರಗೆ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದೆ. ಅದೂ ಗೊತ್ತಾಗಿರಲಿಲ್ಲ.

ಮಾರ್ಚ್ 20, ಗುರುವಾರ

ಇವತ್ತೂ ಹಾಗೇ. ಪ್ರತಿ ಒದೆಗೂ ಕಣ್ಣು ತಾನಾಗಿ ಮುಚ್ಚುತ್ತದೆ.

ಕೋಚ್ ಹಗಲಲ್ಲಿ ಡ್ರೈವಿಂಗ್ ಕಲಿಸುತ್ತಾರೆ. ಬೇರೆಯವರ ಕೈಯಲ್ಲಿ ಸ್ಟೀರಿಂಗ್ ಕೊಟ್ಟು ಪಕ್ಕದಲ್ಲಿ ಕುಳಿತು ಕುಳಿತು ಅವರಿಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸವೇ ಇಲ್ಲ. ಬೂಟು ಬಿಚ್ಚಿಡುವ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು.

"ಏಪ್ರಿಲ್ ಕೊನೆಗೆ ದೊಡ್ಡ ಪಂದ್ಯ ಇದೆ. ಅದಕ್ಕೆ ಒಂದು ವಾರ ಮೊದಲು ನಿನ್ನನ್ನ ಪೂರ್ತಿ ಆಡಿಸಿ ನೋಡ್ತೀನಿ. ಕಣ್ಣು ತೆರೆದಿದ್ರೆ ಹೆಸರು ಕೊಡ್ತೀನಿ. ಮುಚ್ಚಿದ್ರೆ ಇಲ್ಲ. ಆಮೇಲೂ ಇಲ್ಲ. ಕಣ್ಣು ಮುಚ್ಚೋರನ್ನ ರಸ್ತೆಗೂ ಬಿಡಲ್ಲ, ಮ್ಯಾಟ್‌ಗೂ ಬಿಡಲ್ಲ. ಇನ್ನೊಂದು ಪೆಟ್ಟು ಬಿದ್ರೆ ನಿಮ್ಮಮ್ಮನಿಗೆ ಏನಂತ ಹೇಳ್ಲಿ?"

ಎದುರಾಳಿ ಇಲ್ಲದ ತರಗತಿಯೂ ಇದೆ, ಗಾಳಿಯಲ್ಲಿ ಚಲನೆಗಳನ್ನಷ್ಟೇ ಮಾಡುವುದು, ಅಲ್ಲಿಗೆ ಬಾ ಎಂದರು. ನಾನು ಅವರ ನೀಲಿ ಚಪ್ಪಲಿಯನ್ನು ನೋಡುತ್ತ ತಲೆ ಅಲ್ಲಾಡಿಸಿದೆ. ಬೇಡ ಎಂದು.

ಮನೆಯಲ್ಲಿ ಹೇಳಿದರೆ ಅಮ್ಮನಿಗೆ ಖುಷಿಯೋ ಖುಷಿ. "ತಲೆಗೆ ಒದೆಸಿಕೊಳ್ಳೋಕೆ ಓಡಿ ಓಡಿ ಹೋಗೋ ಮಗಳನ್ನ ಯಾರೂ ಹೆತ್ತಿರಲ್ಲ. ಅವರು ಬೇಡ ಅಂದ ದಿನ ಆ ಬಿಳಿ ಬಟ್ಟೆನ ಮಡಚಿ ಅಟ್ಟಕ್ಕೆ ಹಾಕ್ಬೇಕು. ಮಾತು ಕೊಡು."

ಕೊಟ್ಟೆ.

ಅಂಗಡಿಯಲ್ಲಿ ಎಲ್ಲರೂ ನಿಂತಿರುತ್ತಾರೆ, ನಾನು ಮಾತ್ರ ಕುಳಿತಿರುತ್ತೇನೆ. ಮ್ಯಾಟಿನ ಮೇಲೆ ಇಬ್ಬರೂ ನಿಲ್ಲುತ್ತೇವೆ, ಇಬ್ಬರೂ ಒಂದೇ ಸಮ ಬಗ್ಗುತ್ತೇವೆ. ಇದನ್ನು ಅಮ್ಮನಿಗೆ ಹೇಳುವುದು ಹೇಗೆ ಎಂದು ಗೊತ್ತಾಗಲಿಲ್ಲ. ಆದರೆ ಬಟ್ಟೆ ಅಟ್ಟಕ್ಕೆ ಹೋಗುವುದಿಲ್ಲ.

ಮಾರ್ಚ್ 22, ಶನಿವಾರ

ಅಜ್ಜಿಗೆ ಕೆಲಸ ಕೊಟ್ಟೆ. ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಇಡೀ ದಿನ ಕುಳಿತಿರುತ್ತಾಳೆ. ಕಾಲುಚೀಲಗಳನ್ನು ಉಂಡೆ ಮಾಡಿ ಅವಳ ಮಡಿಲಿಗೆ ಹಾಕಿ, "ನನ್ನ ಮುಖಕ್ಕೆ ಎಸಿ" ಎಂದೆ.

"ಯಾಕೇ?"

"ಕಣ್ಣು ಮುಚ್ಚಬಾರದು ಅಂತ."

"ಇಂಥ ಕೆಲಸ ನಿಮ್ಮ ತಾತ ಇದ್ದಾಗ ಯಾರೂ ಹೇಳಲಿಲ್ಲ ನೋಡು" ಎಂದು ಮೊದಲನೆಯದನ್ನೇ ಮೂಗಿಗೆ ಸರಿಯಾಗಿ ಹೊಡೆದಳು. ಕೈ ನಡುಗುತ್ತದೆ, ಕಪ್ಪು ಹಿಡಿಯಲಾಗುವುದಿಲ್ಲ ಎನ್ನುವವಳು!

ಎಲ್ಲದಕ್ಕೂ ಕಣ್ಣು ಮುಚ್ಚಿದೆ. ಅಜ್ಜಿ ನಗುತ್ತ ನಗುತ್ತ ಕೆಮ್ಮಿದಳು. ಅಮ್ಮ ಬಾಗಿಲಲ್ಲಿ ನಿಂತು, "ಒಂದು ಮನೇಲಿ ಒಬ್ಬರಿಗೆ ತಲೆ ಕೆಟ್ಟರೆ ಸಾಲದಾ?" ಎಂದಳು.

ನಾಳೆ ಮತ್ತೆ ಮಾಡುತ್ತೇನೆ.

ಮಾರ್ಚ್ 27, ಗುರುವಾರ

ಕಾಲುಚೀಲಕ್ಕೆ ಕಣ್ಣು ಈಗ ಎಲ್ಲಾ ಸಲ ಮುಚ್ಚುವುದಿಲ್ಲ. ಆದರೆ ಅಜ್ಜಿ ಮೋಸ ಕಲಿತಿದ್ದಾಳೆ. ತೂಕಡಿಸಿದ ಹಾಗೆ ತಲೆ ಇಳಿಬಿಟ್ಟು ಫಟ್ ಎಂದು ಎಸೆಯುತ್ತಾಳೆ. ಕೈ ಎತ್ತಿ ಎಸೆಯದೆ ಸುಮ್ಮನೆಯೂ ಇರುತ್ತಾಳೆ.

ಹಾಲ್‌ನಲ್ಲಿ ಮಾತ್ರ ಸೋಲಿನ ಮೇಲೆ ಸೋಲು. ಉದ್ದಕಾಲಿ ಮುಂದಿನ ಪಾದವನ್ನು ಸ್ವಲ್ಪ ಅಲ್ಲಾಡಿಸುತ್ತಾಳೆ, ನಾನು ಕೈ ಕೆಳಗೆ ತರುತ್ತೇನೆ, ಅವಳ ಹಿಂದಿನ ಕಾಲು ಮೇಲಿಂದ ಬರುತ್ತದೆ. ಪ್ರತಿ ಸಲವೂ ಇದೇ ಕಥೆ. ಕೋಚ್ ಕೊನೆಗೆ ಆಟ ನಿಲ್ಲಿಸಿದರು.

"ನಿಂಗೆ ಬರೀ ಕಣ್ಣು ಮುಚ್ಚೋ ರೋಗ ಅಲ್ಲ. ತೆರೆದಿದ್ದಾಗ ಎಲ್ಲಿ ನೋಡ್ತೀಯ?"

"ಪಾದ."

"ಪಾದ? ನಾನು ಯಾವತ್ತಾದ್ರೂ ಪಾದ ನೋಡು ಅಂದಿದ್ದೀನಾ?"

ಇಲ್ಲ. ಆದರೆ ನನಗೆ ಪಾದ ಗೊತ್ತು. ಎಂಟು ವರ್ಷದಿಂದ ಅದೇ ಕೆಲಸ. ಅಟ್ಟೆ ನೋಡಿದರೆ ಯಾರು ಯಾವ ಕಡೆ ವಾಲುತ್ತಾರೆ, ಯಾರಿಗೆ ಸೊಂಟ ನೋವಿದೆ, ಎಲ್ಲ ಹೇಳುತ್ತೇನೆ. ಉದ್ದಕಾಲಿಯ ಎಡ ಶೂ ಹೆಬ್ಬೆರಳ ಬುಡದಲ್ಲಿ ಸವೆದಿದೆ. ಎಡಗಾಲನ್ನು ಊರಿ ತಿರುಗುತ್ತಾಳೆ, ಹೆಚ್ಚಾಗಿ ಒದೆಯುವುದು ಬಲಗಾಲಿನಿಂದ. ಇದನ್ನೆಲ್ಲ ಹೇಗೋ ತಡವರಿಸಿ ಹೇಳಿದೆ. ಇಷ್ಟು ಉದ್ದ ಮಾತು ಅವರ ಮುಂದೆ ಆಡಿದ್ದು ಇದೇ ಮೊದಲು.

ಕೋಚ್ ನಗಲಿಲ್ಲ. "ಅಟ್ಟೆ ಸುಳ್ಳು ಹೇಳಲ್ಲ, ನಿಜ. ಅದು ನಡೆದು ಮುಗಿದ ದಾರಿ. ಇಲ್ಲಿ ಪಾದ ಇನ್ನೂ ನಡೀಬೇಕು. ಮುಂದಿನ ಪಾದ ಇರೋದೇ ಸುಳ್ಳು ಹೇಳೋಕೆ. ನಿಂಗೆ ತಲೆಗೆ ಬಿತ್ತಲ್ಲ, ಅವತ್ತೂ ಪಾದ ನೋಡ್ತಿದ್ದೆ, ಅಲ್ವಾ?"

ಹೌದು.

"ಎದುರಿಗೆ ಬರೋ ಲಾರಿಯ ಟೈರ್ ನೋಡ್ಕೊಂಡು ಗಾಡಿ ಓಡಿಸಿದ ಹಾಗಾಯ್ತು. ಕಣ್ಣು ಮೇಲೆತ್ತು. ಎದೆ, ಭುಜ, ಮುಖ. ಒದೆ ಹುಟ್ಟೋದು ಅಲ್ಲಿ."

ಏಪ್ರಿಲ್ 2, ಬುಧವಾರ

ಮುಖ ನೋಡುವುದು ಕಷ್ಟ. ಯಾರೋ ಬಟ್ಟೆ ಬದಲಿಸುವಾಗ ಬಾಗಿಲು ತೆರೆದ ಹಾಗೆ ಅನಿಸುತ್ತದೆ. ನೋಡಿದೆ. ಎದೆಗೆ ಎರಡು ಒದೆ ತಿಂದೆ. ಮತ್ತೆ ನೋಡಿದೆ.

ಏಪ್ರಿಲ್ 5, ಶನಿವಾರ

ಅಜ್ಜಿಯ ಗುಟ್ಟು ಸಿಕ್ಕಿತು! ನಿಜವಾಗಿ ಎಸೆಯುವ ಮೊದಲು ಕೆಳತುಟಿಯನ್ನು ಒಳಗೆಳೆದುಕೊಳ್ಳುತ್ತಾಳೆ. ಸುಮ್ಮನೆ ಕೈ ಎತ್ತಿದಾಗ ಎಳೆದುಕೊಳ್ಳುವುದಿಲ್ಲ. ಇವತ್ತು ಅವಳ ಬಹುಪಾಲು ಉಂಡೆಗಳನ್ನು ಹಿಡಿದೆ. "ಈ ಆಟ ಚೆನ್ನಾಗಿಲ್ಲ, ಬೇರೆ ಆಡೋಣ" ಎಂದು ಮುಖ ಉಬ್ಬಿಸಿಕೊಂಡಳು.

ಹಾಲ್‌ನಲ್ಲಿ ಉದ್ದಕಾಲಿಯ ಎದುರು ನಿಂತಾಗ ಅವಳ ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆ ಕಂಡಿತು. ನೀರು ಕುಡಿಯುವಾಗ ಕೇಳಿದೆ, "ಈ ಮಚ್ಚೆ ಯಾವಾಗ ಆಯ್ತು?"

ಅವಳು ಬಾಟಲಿ ಕೆಳಗಿಟ್ಟಳು. "ಹುಟ್ಟಿದಾಗ! ಎರಡು ವರ್ಷದಿಂದ ಜೊತೆಗಿದ್ದೀವಿ ಮಾರಾಯ್ತಿ."

ಇನ್ನೊಂದೂ ಕಂಡಿತು. ತಲೆಯ ಮಟ್ಟಕ್ಕೆ ಒದೆಯುವಾಗ ಅವಳ ಹುಬ್ಬು ಗಂಟಾಗುತ್ತದೆ, ಮತ್ತು ಒದೆ ದಾರಿಯಲ್ಲೇ ಸಾಯುತ್ತದೆ. ಒಂದು ಗೇಣು ಎಂದು ಕೋಚ್ ಹೇಳಿದ್ದರೆ ಇವಳು ಒಂದು ಮೊಳ ಬಿಡುತ್ತಿದ್ದಾಳೆ.

"ನೀನು ಅರ್ಧಕ್ಕೇ ನಿಲ್ಲಿಸ್ತಿದ್ದೀಯ" ಎಂದೆ.

ಅವಳು ಬಾಟಲಿಗೆ ಮುಚ್ಚಳ ಹಾಕಿದಳು. ಆಮೇಲೆ, "ನೀನು ಬಿದ್ದಾಗ ಕಣ್ಣು ಬೆಳ್ಳಗಾಗಿತ್ತು. ನಂಗೆ ಈಗ್ಲೂ ಕನಸಲ್ಲಿ ಬರುತ್ತೆ" ಎಂದಳು.

"ಅರ್ಧ ಒದೆಗೆ ನಾನು ಅರ್ಧ ಕಲೀತೀನಿ. ಪೂರ್ತಿ ಒದಿ."

"ಮತ್ತೆ ಬಿದ್ರೆ?"

"ಬಿದ್ರೆ ನಿಮ್ಮ ಅಂಗಡಿಯಿಂದಲೇ ಮಾತ್ರೆ ತಂದುಕೊಡು."

ನಕ್ಕಳು. ಮುಂದಿನ ಒದೆ ಪೂರ್ತಿ ಬಂತು. ಕಿವಿಯ ಹತ್ತಿರ ಗಾಳಿ ಬೀಸಿತು.

ಏಪ್ರಿಲ್ 9, ಬುಧವಾರ

ಮಾವ ಸೂಜಿಗೆ ದಾರ ಪೋಣಿಸುವಾಗ ಮುಖವನ್ನು ಓರೆ ಮಾಡುತ್ತಾನೆ. ಬಲಗಣ್ಣಿನ ನಡುವೆ ಮಂಜಿನ ಹಾಗೆ ಬೂದಿ ಬಣ್ಣ. ಎಷ್ಟು ದಿನದಿಂದ ಹೀಗಿದೆಯೋ! ಕೇಳಿದರೆ, "ನನ್ನ ಬೆರಳಿಗೇ ಕಣ್ಣಿದೆ, ಹೋಗೆ" ಎಂದ. ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈದ. ಪೊರೆ ಬಂದಿದೆ, ತೆಗೆಯಬಹುದು ಎಂದರು.

ಅಭ್ಯಾಸಕ್ಕೆ ತಡವಾಗಿ ಹೋಗಿ ಕೋಚ್ ಹತ್ತಿರವೂ ಬೈಸಿಕೊಂಡೆ.

ಏಪ್ರಿಲ್ 11, ಶುಕ್ರವಾರ

ಏನೂ ಆಗಲಿಲ್ಲ. ಎಲ್ಲ ಕಾಣುತ್ತದೆ, ಆದರೂ ಕಾಲು ಹಿಂದೆ ಓಡುತ್ತದೆ. ಇವತ್ತು ಎಷ್ಟು ಸಲ ಗೆರೆ ದಾಟಿದೆನೋ. ಗೆರೆ ದಾಟಿದರೆ ಎದುರಾಳಿಗೆ ಬಿಟ್ಟಿ ಅಂಕ. ನೋಡಿಕೊಂಡೇ ಅಂಕ ದಾನ ಮಾಡಿದೆ.

ಅಮ್ಮ ಅಟ್ಟದ ಮೇಲೆ ಜಾಗ ಮಾಡುತ್ತಿದ್ದಳು. ಬೇರೆ ಯಾವುದಕ್ಕೋ ಇರಬಹುದು.

ಏಪ್ರಿಲ್ 14, ಸೋಮವಾರ

ಕೋಚ್ ಇವತ್ತು ಎಲ್ಲರನ್ನೂ ಕಳಿಸಿ ನಮ್ಮಿಬ್ಬರನ್ನು ಉಳಿಸಿಕೊಂಡರು.

"ಹಿಂದೆ ಸರಿಯೋದು ತಪ್ಪಲ್ಲ. ಸರಿದು ಸುಮ್ಮನಿರೋದು ತಪ್ಪು" ಎಂದರು. ಉದ್ದಕಾಲಿಗೆ ಕಾಲೆತ್ತಿ ಹಾಗೇ ನಿಲ್ಲು ಎಂದರು. ಅವಳು ಬಲಗಾಲನ್ನು ನನ್ನ ಕಿವಿಯ ಮಟ್ಟಕ್ಕೆ ಎತ್ತಿ ನಿಂತಳು.

"ಈಗ ನೋಡು. ಏನು ಕಾಣುತ್ತೆ?"

"ಕಾಲು."

"ಅದನ್ನ ಬಿಟ್ಟು."

ನೋಡಿದೆ. ಅವಳ ಎದೆ ಪೂರ್ತಿ ತೆರೆದಿತ್ತು. ಎದೆಯ ಕವಚದ ಮೇಲಿನ ನೀಲಿ ವೃತ್ತ ನನ್ನ ಎದುರಿಗೇ ಇತ್ತು. ಕೈಗಳು ಎಲ್ಲೋ ಇದ್ದವು. ಎಡಗಾಲು ಗಿಡದ ಹಾಗೆ ನೆಟ್ಟಿತ್ತು, ಅವಳು ಎಲ್ಲಿಗೂ ಹೋಗುವಂತಿರಲಿಲ್ಲ. ಸಣ್ಣಗೆ ನಡುಗುತ್ತಿದ್ದಳು.

"ಒದೆ ಬರೋ ಹೊತ್ತಿಗೆ ನಿಂಗೆ ಭಯ. ಅದೇ ಹೊತ್ತಿಗೆ ಅವಳು ಒಂಟಿ ಕಾಲಲ್ಲಿ ನಿಂತಿರ್ತಾಳೆ. ಒಂಟಿ ಕಾಲಲ್ಲಿ ನಿಂತವರಷ್ಟು ಬಡವರು ಲೋಕದಲ್ಲಿ ಇನ್ಯಾರೂ ಇಲ್ಲ."

"ನಾನು ಇಳಿಸ್ಲಾ?" ಬಡವಿ ಕೇಳಿದಳು.

"ನಿಲ್ಲೇ ಇನ್ನೂ ಸ್ವಲ್ಪ."

ಆಮೇಲೆ ಹಿಂದೊದೆತ ಕಲಿಸಿದರು. ಒದೆಯುವ ಮುನ್ನ ಅವಳ ಎಡಭುಜ ಸ್ವಲ್ಪ ಕೆಳಗಿಳಿಯುತ್ತದೆ. ಅದು ಇಳಿಯುತ್ತಲೇ ನಾನು ಬೆನ್ನು ತಿರುಗಿಸಿ, ಭುಜದ ಮೇಲಿಂದ ನೋಡುತ್ತ, ಹಿಮ್ಮಡಿಯನ್ನು ನೇರ ಎದೆಗೆ ಕೊಡಬೇಕು. ಬೆನ್ನು ತಿರುಗಿಸುವಾಗ ಎಲ್ಲರಿಗೂ ಕಣ್ಣು ಮುಚ್ಚುತ್ತದೆ. ನನಗಂತೂ ಕೇಳಲೇಬೇಡಿ. ಮನೆಯಲ್ಲಿ ಮಾಡಿ ತೋರಿಸಿದೆ. ಅಜ್ಜಿ, "ಇದನ್ನ ಕಲಿಯೋಕೆ ದುಡ್ಡು ಕೊಟ್ಟು ಹೋಗ್ಬೇಕಾ? ಕತ್ತೆ ಪುಕ್ಕಟೆ ಹೇಳಿಕೊಡ್ತಿತ್ತು" ಎಂದಳು.

ಕುರ್ಚಿಯ ಬೆನ್ನಿಗೆ ದಿಂಬು ಕಟ್ಟಿ ಒದ್ದೆ. ಅಜ್ಜಿ ಕುರ್ಚಿಯಲ್ಲಿ ಇರಲಿಲ್ಲ.

ಏಪ್ರಿಲ್ 16, ಬುಧವಾರ

ಕಪ್ಪು ಬೂಟಿನವನು ಮತ್ತೆ ಬಂದಿದ್ದ. ಬಡಕಲು ಮುಖ, ಗಲ್ಲದಲ್ಲಿ ಕ್ಷೌರದ ಗಾಯ, ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು. ಮತ್ತೆ ಅಟ್ಟೆ, ಮತ್ತೆ ಕೂಗು. ನಾನು ಎದ್ದು ನಿಂತು ಅಂಟಿನ ಅಂಚು ತೋರಿಸಿ, "ಅಣ್ಣಾ, ನೀವು ಈ ಅಂಟು ಹಾಕ್ತಾ ಇರೋವರೆಗೂ ಯಾರ ಹೊಲಿಗೆಯೂ ನಿಲ್ಲಲ್ಲ. ಬಿಟ್ಟು ಹೋಗಿ, ಕೆರೆದು ಸರಿ ಮಾಡ್ತೀನಿ. ಕೂಗಬೇಡಿ, ನಮ್ಮ ಮಾವನಿಗೆ ಕಣ್ಣು ಕಾಣಲ್ಲ, ಕಿವಿ ಚೆನ್ನಾಗಿ ಕೇಳುತ್ತೆ" ಎಂದೆ. ಅವನು ಬಿಟ್ಟು ಹೋದ. ಯಾಕೋ ಮಾವ ಸಂಜೆಯವರೆಗೂ ನನ್ನನ್ನೇ ನೋಡುತ್ತಿದ್ದ. ಕಣ್ಣಿನ ಆಪರೇಷನ್‌ಗೆ ಬೇಗ ದಿನ ಗೊತ್ತು ಮಾಡಬೇಕು.

ಹಿಂದೊದೆತ ಹತ್ತರಲ್ಲಿ ಒಂದು ಸರಿ ಬೀಳುತ್ತದೆ. ಶನಿವಾರ ಹತ್ತಿರ ಬಂತು. ಆ ಒಂದು ಸಾಕಾಗುವಂತೆ ಮಾಡಬೇಕು.

ಏಪ್ರಿಲ್ 19, ಶನಿವಾರ

ಅಮ್ಮ ನನ್ನ ಜೊತೆಗೇ ಹಾಲ್‌ಗೆ ಬಂದಳು, ಮಾತು ಕೊಟ್ಟದ್ದನ್ನು ವಸೂಲು ಮಾಡಲು. ಗೋಡೆ ಪಕ್ಕ ಬೆಂಚಿನ ತುದಿಯಲ್ಲಿ ಕುಳಿತಳು, ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು.

ಮೊದಲ ಸುತ್ತು ಕೆಟ್ಟದಾಗಿತ್ತು. ಉದ್ದಕಾಲಿ ಪಾದ ಅಲ್ಲಾಡಿಸಿದಳು, ನಾನು ಕದಲಲಿಲ್ಲ, ಅದು ಸರಿ. ಆದರೆ ಒದೆ ನಿಜವಾಗಿ ಬಂದಾಗ ಹಿಂದೆ ಓಡಿದೆ. ಗೆರೆ ದಾಟಿದೆ. ಮತ್ತೆ ದಾಟಿದೆ. ಕೋಚ್ ಪ್ರತಿ ಸಲ ಬೆರಳೆತ್ತಿ ಅಂಕವನ್ನು ಅವಳಿಗೆ ಕೊಟ್ಟರು. ನನ್ನ ಕಡೆ ನೋಡಲೇ ಇಲ್ಲ.

ಎರಡನೇ ಸುತ್ತಿನಲ್ಲಿ ಹಿಂದಿನ ಹಿಮ್ಮಡಿ ಗೆರೆಗೆ ತಾಗಿದಾಗ ಅಲ್ಲೇ ನಿಂತೆ. ಹೆದರಿಕೆ ಹೋಗಿರಲಿಲ್ಲ. ಹೆದರಿಕೊಂಡೇ ನಿಂತೆ. ಉದ್ದಕಾಲಿಯ ಮುಖ ಕೆಂಪಾಗಿತ್ತು, ಮೇಲ್ದುಟಿಯ ಮೇಲೆ ಬೆವರು. ಅವಳ ಎಡಭುಜ ಕೂದಲೆಳೆಯಷ್ಟು ಕೆಳಗೆ ಬಿತ್ತು. ತಿರುಗಿದೆ. ಭುಜದ ಮೇಲಿಂದ ಅವಳು ಒಂಟಿ ಕಾಲಿನಲ್ಲಿ ನಿಂತಿರುವುದು ಕಂಡಿತು, ಎದೆ ಅಷ್ಟಗಲ. ಹಿಮ್ಮಡಿ ಕವಚಕ್ಕೆ ಬಿದ್ದ ಸದ್ದು ಕೆಳಗಿನ ಟೈರ್ ಗೋದಾಮಿಗೂ ಕೇಳಿರಬೇಕು. ಅವಳು ಕುಳಿತುಬಿಟ್ಟಳು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಖುಷಿಯಲ್ಲಿ ಕೈ ಇಳಿಬಿಟ್ಟಿದ್ದೆ. ಅವಳು ಎದ್ದವಳೇ ಬಲಗಾಲನ್ನು ತಲೆಗೆ ಬಿಟ್ಟಳು, ಪೂರ್ತಿ. ಅದು ಬರುವುದು ಕಂಡಿತು. ಅವಳ ಗಲ್ಲ ಮೇಲೆದ್ದದ್ದು, ಕಾಲು ಸುತ್ತಿ ಬಂದದ್ದು, ಅದರ ಹಿಂದೆ ಅವಳ ಕಣ್ಣು ದೊಡ್ಡದಾದದ್ದು. ತಡವಾಗಿತ್ತು. ತಲೆ ವಾಲಿಸಿದೆ. ಒದೆ ತಲೆಗವಚದ ಅಂಚಿಗೆ ತಾಗಿ ಜಾರಿತು. ಕಿವಿ ಗುಂಯ್ ಎಂದಿತು. ನಿಂತೇ ಇದ್ದೆ.

ಅಮ್ಮ ಬೆಂಚಿನಿಂದ ಎದ್ದಿದ್ದಳು. ಕೋಚ್ ಓಡಿ ಬಂದು ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದರು. "ಕಣ್ಣು? ಮುಚ್ಚಿದ್ಯಾ?"

ನಾನು ಬಾಯಿ ತೆರೆಯುವ ಮೊದಲು ಉದ್ದಕಾಲಿಯೇ ಹೇಳಿದಳು. "ಎಲ್ಲಿ ಮುಚ್ಚಿದ್ಲು? ಒದೆ ತಿನ್ನೋವರೆಗೂ ನನ್ನ ಮುಖಾನೇ ನೋಡ್ತಿದ್ಲು. ನಂಗೇ ಭಯ ಆಯ್ತು."

ಪಂದ್ಯ ಅವಳೇ ಗೆದ್ದಳು. ಕೋಚ್ ನನ್ನ ಹೆಸರು ಬರೆದುಕೊಂಡರು.

ಏಪ್ರಿಲ್ 20, ಭಾನುವಾರ

ಅಮ್ಮ ಬೆಳಿಗ್ಗೆಯಿಂದ ಮಾತಾಡಿರಲಿಲ್ಲ. ಮಧ್ಯಾಹ್ನ ನನ್ನ ಬಿಳಿ ಬಟ್ಟೆಯನ್ನು ಒಗೆದು ಹಿಂಡುತ್ತಿದ್ದಳು. ಜಡೆ ಎಳೆದು ಕಟ್ಟಿದ್ದಳು, ಹಣೆಯ ಹತ್ತಿರ ಬಿಳಿ ಕೂದಲು ಜಾಸ್ತಿಯಾಗಿದೆ.

"ಅಮ್ಮಾ, ಸಿಟ್ಟಾ?"

"ಸಿಟ್ಟಲ್ಲ. ಆ ಕಾಲು ಬರೋವಾಗ ನಾನು ಕಣ್ಣು ಮುಚ್ಕೊಂಡೆ" ಎಂದಳು. "ಇನ್ನೊಂದು ತುದಿ ಹಿಡಿ. ನೀರು ಬಸಿಯುತ್ತಿದೆ."

ಹಿಡಿದೆ. ಇಬ್ಬರೂ ಎರಡು ಕಡೆ ನಿಂತು ಹಿಂಡಿದೆವು.

ಏಪ್ರಿಲ್ 27, ಭಾನುವಾರ

ಇವತ್ತು ಆ ದೊಡ್ಡ ಪಂದ್ಯಾವಳಿ. ಎರಡನೇ ಪಂದ್ಯದಲ್ಲಿ ಸೋತೆ. ನನಗಿಂತ ಎಷ್ಟೋ ಚುರುಕಾದವಳು, ಬೇಜಾರಿಲ್ಲ. ಮೊದಲನೆಯದು ಗೆದ್ದೆ. ಅದನ್ನು ಬರೆದಿಡುತ್ತೇನೆ.

ಮೊದಲನೆಯದರ ಎದುರಾಳಿ ಬೇರೆ ಊರಿನ ಕ್ಲಬ್ಬಿನವಳು, ಮೊದಲು ಯಾವತ್ತೂ ನೋಡಿರಲಿಲ್ಲ. ಒಂದು ಹುಬ್ಬನ್ನು ಹಳೆಯ ಗಾಯ ಎರಡು ತುಂಡು ಮಾಡಿದೆ. ಕಂದು ಕಣ್ಣು. ತಲೆಗವಚದ ಅಂಚಿನಿಂದ ಒದ್ದೆ ಕೂದಲ ಒಂದು ಎಳೆ ಹೊರಬಂದು ಕೆನ್ನೆಗೆ ಅಂಟಿತ್ತು, ಅವಳಿಗೆ ಅದು ಕಿರಿಕಿರಿ ಮಾಡುತ್ತಿತ್ತು. ಹಲ್ಲಿಗೆ ಕವಚ ಹಾಕಿದಾಗ ಬಾಯಲ್ಲಿ ನೀರೂರುತ್ತದೆ, ಎಲ್ಲರೂ ನುಂಗುತ್ತಾರೆ. ಅವಳು ಒದೆಯುವ ಮುನ್ನ ನುಂಗುತ್ತಿದ್ದಳು. ಇದು ಗೊತ್ತಾಗುವಷ್ಟರಲ್ಲಿ ಎರಡು ಒದೆ ತಿಂದಿದ್ದೆ.

ಕೊನೆಯ ಸುತ್ತು. ಇಬ್ಬರ ಅಂಕವೂ ಸಮ. ಅವಳು ನನ್ನನ್ನು ಮೂಲೆಗೆ ತಳ್ಳಿದ್ದಳು, ಹಿಂದೆ ಸರಿಯಲು ಜಾಗವಿರಲಿಲ್ಲ. ಕೋಚ್ ಏನೋ ಕೂಗುತ್ತಿದ್ದರು, ಉದ್ದಕಾಲಿಯೂ ಕೂಗುತ್ತಿದ್ದಳು, ಅಮ್ಮನ ದನಿಯೂ ಕೇಳಿತು.

ಅವಳು ಮುಂದಿನ ಮೊಣಕಾಲನ್ನು ಎತ್ತಿದಳು. ನುಂಗಲಿಲ್ಲ. ನಾನು ಕದಲಲಿಲ್ಲ.

ಇನ್ನೊಮ್ಮೆ ಎತ್ತಿದಳು. ನಾನು ಕಾದೆ.

ನುಂಗಿದಳು.

ತಿರುಗಿದೆ.